ಹಳೆಯ ಲೇಸಿನ ಬೆನ್ನು ಹತ್ತಿದವರು

ಫ್ರಾನ್ಸಿನ ನಾರ್ಮಂಡಿ ಸೀಮೆಯ ಅಲಾನ್‌ಸೋನ್ ಪಟ್ಟಣದಲ್ಲಿ ಸೂಜಿಯಿಂದ ಮಾಡುವ ಲೇಸ್ ಒಂದು ಚದರ ಸೆಂಟಿಮೀಟರ್ ಬೆಳೆಯಬೇಕಾದರೆ ಏಳು ಗಂಟೆ ಹಿಡಿಯುತ್ತದೆ. ಕಸುಬು ಪೂರ್ತಿ ಕೈಗೆ ಹತ್ತಲು ಏಳರಿಂದ ಹತ್ತು ವರ್ಷ ಬೇಕು. 2010ರಲ್ಲಿ ಯುನೆಸ್ಕೊ ಈ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ದಾಖಲಾದ ಲೆಕ್ಕವಿದು. ಅಂದರೆ ಅಂಚೆಚೀಟಿಯಷ್ಟು ಸಣ್ಣ ತುಂಡಿಗೆ ಒಬ್ಬ ಹೆಣ್ಣುಮಗಳ ಹೆಚ್ಚುಕಡಿಮೆ ಒಂದು ವಾರದ ದುಡಿಮೆ.

ಹದಿನೇಳು, ಹದಿನೆಂಟನೇ ಶತಮಾನದ ಯುರೋಪಿನ ದೊರೆಗಳ ಭಾವಚಿತ್ರಗಳನ್ನು ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು. ಕೊರಳ ಸುತ್ತ ಲೇಸ್, ಮುಂಗೈಯಲ್ಲಿ ಲೇಸ್, ಕೆಲವರ ಬೂಟಿನ ಬಾಯಲ್ಲೂ ಲೇಸ್. ಚಿತ್ರ ಬರೆದವನ ಹೆಸರು ಗೊತ್ತು, ಬರೆಸಿಕೊಂಡವನ ಹೆಸರು ಗೊತ್ತು. ಚಿತ್ರಗಾರನಿಗಿಂತ ಎಷ್ಟೋ ಹೆಚ್ಚು ಹೊತ್ತು ಕೂತು ಆ ಕೊರಳಪಟ್ಟಿ ಮಾಡಿದವಳು ಯಾರೆಂದು ಎಲ್ಲೂ ಬರೆದಿಲ್ಲ.

ಅಷ್ಟೆಲ್ಲ ಲೇಸ್ ಎಲ್ಲಿಗೆ ಹೋಯಿತು? ಬಂಗಾರ, ಬೆಳ್ಳಿಯ ಎಳೆ ಸೇರಿಸಿ ಮಾಡಿದ್ದನ್ನು ಲೋಹದ ಆಸೆಗೆ ಸುಟ್ಟರು. ನಮ್ಮ ಬೀದಿಗಳಲ್ಲೂ ಹಳೆಯ ಜರಿ ಸೀರೆ ಕೊಳ್ಳುವವರು ಬರುತ್ತಾರಲ್ಲ, ಅದೇ ಕಾರಣಕ್ಕೆ. ಬರೀ ನಾರಿನ ಲೇಸಿಗೆ ಆ ಬೆಲೆಯೂ ಇರಲಿಲ್ಲ. ಉಡುಪಿನ ರೀತಿ ಬದಲಾದಾಗ ಅದನ್ನು ಕತ್ತರಿಸಿ ಮಕ್ಕಳ ಟೋಪಿಗೆ, ಕರವಸ್ತ್ರದ ಅಂಚಿಗೆ ಹೊಲಿದರು, ಉಳಿದದ್ದು ಪೆಟ್ಟಿಗೆಯಲ್ಲಿ ಹುಳು ತಿಂದು ಹೋಯಿತು. ಇವತ್ತು ನ್ಯೂಯಾರ್ಕ್, ಲಂಡನ್, ಸೇಂಟ್ ಗ್ಯಾಲನ್‌ಗಳ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಲೇಸ್ ನೋಡಲು ಸಿಗುತ್ತಿದೆ ಎಂದರೆ ಅದರ ಶ್ರೇಯದಲ್ಲಿ ದೊಡ್ಡ ಪಾಲು ಒಂದು ಸಣ್ಣ ಪಂಗಡದ ಜನರಿಗೆ ಸಲ್ಲಬೇಕು. ಅವರು ಲೇಸ್ ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಮಾರಲು ಮನಸ್ಸಾಗದ್ದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ವ್ಯಾಪಾರಿಗಳೆಂದು ಅವರನ್ನು ಬದಿಗೆ ಸರಿಸುವ ರೂಢಿ ಕಲಾಚರಿತ್ರೆಯಲ್ಲಿದೆ. ಲೇಸಿನ ಮಟ್ಟಿಗೆ ಅದು ಅನ್ಯಾಯ.

ಕೈಗೆ ಬಂದ ತುಂಡು

ಹಳೆಯ ಲೇಸ್ ಅಂಗಡಿಯವರು ಒಂದು ತುಂಡನ್ನು ಹೇಗೆ ನೋಡುತ್ತಾರೆ ಎಂಬುದು ತಿಳಿದರೆ ಅವರ ಗೀಳು ಅರ್ಥವಾಗುತ್ತದೆ. ಮೊದಲು ಅದನ್ನು ಕಪ್ಪು ಅಥವಾ ಕಡುನೀಲಿ ಬಟ್ಟೆಯ ಮೇಲೆ ಹರಡುತ್ತಾರೆ. ಆಮೇಲೆ ಭೂತಗನ್ನಡಿ. ಹೂವು, ಬಳ್ಳಿಗಳ ಅಂದ ಆಮೇಲಿನ ಮಾತು. ಕಣ್ಣು ಮೊದಲು ಹೋಗುವುದು ದಾರ ದಾರವನ್ನು ಹೇಗೆ ಹಿಡಿದಿದೆ ಎಂಬ ಕಡೆಗೆ.

ಎಲ್ಲೆಲ್ಲೂ ಕಾಜಾ ಹೊಲಿಗೆಯೇ ಕಂಡರೆ ಅದು ಸೂಜಿಯ ಲೇಸ್. ನಮ್ಮ ದರ್ಜಿಗಳು ಅಂಗಿಯ ಕಾಜಾಕ್ಕೆ ಹಾಕುವ ಹೊಲಿಗೆಯೇ ಅದು, ಇಲ್ಲಿ ಮಾತ್ರ ಕೂದಲಿಗಿಂತ ಸಣ್ಣ ದಾರದಲ್ಲಿ. ಚರ್ಮಪತ್ರದ ಮೇಲೆ ನಕ್ಷೆ ಬರೆದು, ಅದಕ್ಕೆ ಎರಡು ಪದರ ಬಟ್ಟೆ ಸೇರಿಸಿ, ನಕ್ಷೆಯ ಗೆರೆಯ ಮೇಲೆ ದಾರ ಮಲಗಿಸಿ ಅಲ್ಲಲ್ಲಿ ಹೊಲಿದು ನಿಲ್ಲಿಸುತ್ತಾರೆ. ಗೆರೆಯಿಂದ ಗೆರೆಗೆ ಕಾಜಾ ಹೊಲಿಗೆ ಹಾಕುತ್ತಾ ಖಾಲಿ ಜಾಗ ತುಂಬುತ್ತಾರೆ. ಸೂಜಿ ಕೆಳಗಿನ ಬಟ್ಟೆಗೆ ತಗಲುವಂತಿಲ್ಲ. ಎಲ್ಲ ಮುಗಿದ ಮೇಲೆ ಎರಡು ಬಟ್ಟೆಗಳ ನಡುವೆ ಅಲಗು ಹಾಯಿಸಿ ತಾತ್ಕಾಲಿಕ ಹೊಲಿಗೆಗಳನ್ನು ಕತ್ತರಿಸಿದರೆ ಲೇಸ್ ನಕ್ಷೆಯಿಂದ ಬಿಡಿಸಿಕೊಂಡು ಎದ್ದು ಬರುತ್ತದೆ. ಅದನ್ನು ಹೊತ್ತುಕೊಳ್ಳಲು ಕೆಳಗೆ ಬಟ್ಟೆಯೇ ಇರುವುದಿಲ್ಲ.

ಹೂವಿನ ದಳದೊಳಗೆ ಎಳೆಗಳು ಹಾಸುಹೊಕ್ಕಾಗಿ, ನೇಯ್ದ ಬಟ್ಟೆಯಂತೆ ಕಂಡರೆ ಅದು ದಿಂಬಿನ ಮೇಲೆ ಮಾಡಿದ ಬಾಬಿನ್ ಲೇಸ್. ಚುಚ್ಚಿದ ನಕ್ಷೆಯನ್ನು ಗಟ್ಟಿ ದಿಂಬಿಗೆ ಹಚ್ಚಿ, ತೂತು ತೂತಿಗೆ ಗುಂಡುಸೂಜಿ ನೆಟ್ಟು, ಬಾಬಿನ್ ಎಂಬ ಸಣ್ಣ ಕಡ್ಡಿಗಳಿಗೆ ಜೋಡಿ ಜೋಡಿಯಾಗಿ ಸುತ್ತಿದ ದಾರವನ್ನು ಜಡೆ ಹೆಣೆದ ಹಾಗೆ ದಾಟಿಸುತ್ತಾ, ತಿರುಚುತ್ತಾ ಹೋಗುತ್ತಾರೆ. ಚಲನೆ ಇರುವುದು ಎರಡೇ, ದಾಟಿಸುವುದು ಮತ್ತು ತಿರುಚುವುದು. ಅಗಲವಾದ ವಾಲೆನ್ಸಿಯೆನ್ ಲೇಸಿಗೆ ನೂರಾರು ಬಾಬಿನ್‌ಗಳು ಒಂದೇ ದಿಂಬಿನ ಮೇಲೆ ಇರಬೇಕು. ಬ್ರಸೆಲ್ಸಿನವರು ಇದನ್ನು ಬೇರೆ ರೀತಿ ಮಾಡಿದರು. ಹೂವು ಮಾಡುವವಳು ಒಬ್ಬಳು, ಹಿನ್ನೆಲೆಯ ಜಾಲ ಮಾಡುವವಳು ಇನ್ನೊಬ್ಬಳು, ಕೂಡಿಸುವವಳು ಮತ್ತೊಬ್ಬಳು. ಜಾಲವನ್ನು ಬೆರಳಗಲದ ಪಟ್ಟಿಗಳಾಗಿ ಮಾಡಿ, ಪಟ್ಟಿಗೆ ಪಟ್ಟಿಯನ್ನು ಎಷ್ಟು ನಯವಾಗಿ ಕೂಡಿಸುತ್ತಿದ್ದರೆಂದರೆ ಆ ಕೂಡುಗೆರೆ ಹುಡುಕಲು ಪಳಗಿದ ವ್ಯಾಪಾರಿಗೂ ತಾಳ್ಮೆ ಬೇಕು.

ಆ ಕೂಡುಗೆರೆ ಸಿಕ್ಕಿದ ಕ್ಷಣ ತುಂಡಿನ ಬೆಲೆಯೂ ವಯಸ್ಸೂ ಬದಲಾಗುತ್ತವೆ. ಯಾಕೆಂದರೆ ಕೂಡುಗೆರೆ ಇರುವುದು ಕೈಯ ಜಾಲಕ್ಕೆ, 1809ರ ನಂತರ ಜಾಲವನ್ನು ಯಂತ್ರ ಮಾಡತೊಡಗಿತು. ಜಾನ್ ಹೀತ್‌ಕೋಟ್ ಎಂಬ ಇಂಗ್ಲೆಂಡಿನವನು ಬಾಬಿನ್ ಜಾಲದ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಲಫ್‌ಬರೊದಲ್ಲಿದ್ದ ಅವನ ಕಾರ್ಖಾನೆಗೆ ಯಂತ್ರವಿರೋಧಿ ಲಡ್ಡೈಟ್ ಚಳವಳಿಯವರು ನುಗ್ಗಿ ಯಂತ್ರಗಳನ್ನು ಪುಡಿ ಮಾಡಿದರು. ಅವನು ಡೆವನ್ ಸೀಮೆಯ ಟಿವರ್ಟನ್‌ಗೆ ಹೋಗಿ ಮತ್ತೆ ಶುರುಮಾಡಿದ. ಅಲ್ಲಿಂದಾಚೆ ಅಗ್ಗದ ಯಂತ್ರದ ಜಾಲದ ಮೇಲೆ ಕೈಯಲ್ಲಿ ಮಾಡಿದ ಹೂಗಳನ್ನು ಹೊಲಿದು ಕೂರಿಸುವುದು ರೂಢಿಯಾಯಿತು. ಹೂವು ಕೈಯದು, ನೆಲ ಯಂತ್ರದ್ದು. ಹಾಗಾಗಿ ಮದುಮಗಳ ಮೇಲುಮುಸುಕಿನ ಕಾಲ ಹೇಳುವಾಗ ವ್ಯಾಪಾರಿ ಹೂವನ್ನು ಬಿಟ್ಟು ನೆಲವನ್ನು ನೋಡುತ್ತಾನೆ.

ದಾರವೂ ಸಾಕ್ಷಿ ಹೇಳುತ್ತದೆ. ಹಳೆಯದು ಅಗಸೆ ನಾರಿನ ದಾರ, ಮುಟ್ಟಿದರೆ ತಣ್ಣಗಿರುತ್ತದೆ. ಹತ್ತಿ ದಾರ ಹತ್ತೊಂಬತ್ತನೇ ಶತಮಾನದಲ್ಲಿ ಅದರ ಜಾಗ ಹಿಡಿಯಿತು. ಆ ಶತಮಾನದ ಕೊನೆಯ ಹೊತ್ತಿಗೆ ಇನ್ನೊಂದು ಬಗೆ ಬಂತು. ರೇಷ್ಮೆ ಬಟ್ಟೆಯ ಮೇಲೆ ಯಂತ್ರದಿಂದ ಹತ್ತಿಯ ಕಸೂತಿ ಹಾಕಿ, ರಾಸಾಯನಿಕದಲ್ಲಿ ಅದ್ದಿ ರೇಷ್ಮೆಯನ್ನು ಕರಗಿಸಿಬಿಡುವುದು. ಉಳಿಯುವುದು ದೂರದಿಂದ ವೆನಿಸಿನ ಹಳೆಯ ಲೇಸನ್ನೇ ಹೋಲುವ ಕಸೂತಿ. ಭೂತಗನ್ನಡಿಯ ಕೆಳಗೆ ಅದು ನಿಲ್ಲುವುದಿಲ್ಲ, ಕಾಜಾ ಹೊಲಿಗೆಯ ಸ್ಪಷ್ಟ ಕುಣಿಕೆಗಳಿರಬೇಕಾದ ಕಡೆ ನಾರು ಕೆದರಿದ ಅಂಕುಡೊಂಕು ಹೊಲಿಗೆ ಕಾಣುತ್ತದೆ.

ನಾಯಿಗಳೂ ಹೊತ್ತ ಸರಕು

ಲೇಸ್ ಹುಟ್ಟಿದ್ದು ಹದಿನಾರನೇ ಶತಮಾನದ ವೆನಿಸ್ ಮತ್ತು ಫ್ಲಾಂಡರ್ಸ್ ಕಡೆ. ಬಾಬಿನ್ ಲೇಸಿನ ನಕ್ಷೆಗಳ ‘ಲೆ ಪೊಂಪೆ’ ಎಂಬ ಪುಸ್ತಕ ವೆನಿಸಿನಲ್ಲಿ 1557ರಲ್ಲೇ ಅಚ್ಚಾಗಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಫ್ರಾನ್ಸಿನ ಸಿರಿವಂತರು ವೆನಿಸಿನ ಲೇಸಿಗೆ ಸುರಿಯುತ್ತಿದ್ದ ಹಣ ನೋಡಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಹೌಹಾರಿದ. 1665ರಲ್ಲಿ ರಾಜಾಶ್ರಯದ ಲೇಸ್ ಕಾರ್ಖಾನೆಗಳನ್ನು ತೆರೆದು, ವೆನಿಸಿನಿಂದ ಕೆಲಸ ಬಲ್ಲ ಹೆಂಗಸರನ್ನು ಕರೆಸಿಕೊಂಡ. ಅಲಾನ್‌ಸೋನ್ ಬೆಳೆದದ್ದು ಹಾಗೆ. ಇಂಗ್ಲೆಂಡ್ 1662ರಲ್ಲಿ ಪರದೇಶದ ಲೇಸನ್ನೇ ನಿಷೇಧಿಸಿತು. ನಿಷೇಧಿಸಿದ ಕೂಡಲೇ ಕಳ್ಳಸಾಗಣೆ ಜೋರಾಯಿತು.

ಲೇಸಿನ ಮೊದಲ ದೊಡ್ಡ ಚರಿತ್ರೆಯನ್ನು 1865ರಲ್ಲಿ ಪ್ರಕಟಿಸಿದ ಫ್ಯಾನಿ ಬ್ಯೂರಿ ಪ್ಯಾಲಿಸರ್ ಬೆಲ್ಜಿಯಂ-ಫ್ರಾನ್ಸ್ ಗಡಿಯ ಒಂದು ಸಂಗತಿ ಹೇಳುತ್ತಾರೆ. ನಾಯಿಯನ್ನು ಫ್ರಾನ್ಸಿನ ಮನೆಯಲ್ಲಿ ಚೆನ್ನಾಗಿ ಸಾಕಿ, ಗಡಿಯಾಚೆ ಒಯ್ದು ಉಪವಾಸ ಕೆಡವುತ್ತಿದ್ದರು. ಅದು ಬಡಕಲಾದ ಮೇಲೆ ಮೈಗೆ ಲೇಸ್ ಸುತ್ತಿ, ಮೇಲೆ ದೊಡ್ಡ ನಾಯಿಯ ಚರ್ಮ ಹೊದಿಸಿ ಬಿಟ್ಟರೆ, ಅನ್ನ ಹಾಕಿದ ಮನೆಗೆ ತಾನಾಗಿ ಓಡುತ್ತಿತ್ತು. ಸುಂಕದವರಿಗೆ ಗುಟ್ಟು ತಿಳಿದು, 1820ರಿಂದ 1836ರೊಳಗೆ ಕೊಂದ ನಾಯಿಗಳು 40,278 ಎಂದು ಆಕೆ ಲೆಕ್ಕ ಕೊಡುತ್ತಾರೆ. ಮೂಕಪ್ರಾಣಿಗಳನ್ನೂ ಬಲಿ ತೆಗೆದುಕೊಂಡ ಸರಕು ಇದು.

ಪ್ಯಾಲಿಸರ್ ಬರೆಯುತ್ತಿದ್ದ ಹೊತ್ತಿಗೆ ನಾಟಿಂಗ್‌ಹ್ಯಾಮ್ ಮತ್ತು ಕ್ಯಾಲೆಯ ಯಂತ್ರಗಳು ಗಜಗಟ್ಟಲೆ ಲೇಸ್ ಹೊರಹಾಕುತ್ತಿದ್ದವು. ಕೈಯ ಲೇಸ್ ಕೊಳ್ಳುವವರು ಕಡಿಮೆಯಾದರು. ಸರಿಯಾಗಿ ಆಗಲೇ ಹಳೆಯದನ್ನು ಹುಡುಕುವವರು ಹುಟ್ಟಿಕೊಂಡರು.

ಲಂಡನ್ನಿನ ಬ್ಲ್ಯಾಕ್‌ಬೋರ್ನ್ ಮನೆತನ ಅವರಲ್ಲಿ ಮುಖ್ಯವಾದದ್ದು. ತಂದೆ ಆಂಟನಿ, ಮಗ ಆರ್ಥರ್ ಇಬ್ಬರೂ ಲೇಸ್ ವ್ಯಾಪಾರಿಗಳು. ಉಡಲು ಕೊಳ್ಳುವ ಗಿರಾಕಿಗಳಿಗೆ ಮಾರುತ್ತಲೇ, ಅಪರೂಪದ ಮಾದರಿಗಳನ್ನು ತಮಗಾಗಿ ಎತ್ತಿಡುತ್ತಾ ಬಂದರು. ಎತ್ತಿಟ್ಟದ್ದು ಎಷ್ಟು ದೊಡ್ಡದಾಯಿತೆಂದರೆ 1909ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ವಂತಿಗೆ ಕೂಡಿಸಿ ಅವರಿಂದ ಒಂದು ದೊಡ್ಡ ಸಂಗ್ರಹವನ್ನೇ ಕೊಂಡಿತು. ಅದಾದ ಮೇಲೂ ಮನೆಯಲ್ಲಿ ರಾಶಿ ಉಳಿದಿತ್ತು. ಆ ರಾಶಿಯನ್ನು ವಂಶದವರು ಈ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಬಾರ್ನರ್ಡ್ ಕ್ಯಾಸಲ್ ಊರಿನ ಬೋಸ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರು. ಅಂಗಡಿಯ ದಾಸ್ತಾನು ತಲೆಮಾರುಗಳ ಬಳಿಕ ಊರಿನ ಆಸ್ತಿಯಾಯಿತು.

ನನಗೆ ಇವರೆಲ್ಲರಿಗಿಂತ ಹೆಚ್ಚು ಹತ್ತಿರವೆನಿಸುವುದು ಮೇರಿಯನ್ ಪೊವಿಸ್. 1882ರಲ್ಲಿ ಇಂಗ್ಲೆಂಡಿನ ಒಬ್ಬ ಪಾದ್ರಿಯ ಹನ್ನೊಂದು ಮಕ್ಕಳಲ್ಲಿ ಒಬ್ಬಳಾಗಿ ಹುಟ್ಟಿದವಳು. ಜಾನ್ ಕೂಪರ್, ಥಿಯೊಡೋರ್, ಲೆವೆಲಿನ್ ಎಂಬ ಮೂವರು ಅಣ್ಣತಮ್ಮಂದಿರು ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರಾದವರು. ಪುಸ್ತಕದ ಮನೆಯಲ್ಲಿ ಬೆಳೆದರೂ ಆಕೆ ಹಿಡಿದದ್ದು ಬಾಬಿನ್. 1913ರಲ್ಲಿ ನ್ಯೂಯಾರ್ಕಿಗೆ ಹೋದಳು. 1915ರ ಸ್ಯಾನ್ ಫ್ರಾನ್ಸಿಸ್ಕೊ ಪನಾಮಾ-ಪೆಸಿಫಿಕ್ ಪ್ರದರ್ಶನದಲ್ಲಿ ಆಕೆಯ ಲೇಸಿಗೆ ಚಿನ್ನದ ಪದಕ ಬಂತು. ಮರುವರ್ಷವೇ ಡೆವನ್‌ಶೈರ್ ಲೇಸ್ ಶಾಪ್ ಎಂಬ ಅಂಗಡಿ ತೆರೆದಳು. ಯುರೋಪಿನಲ್ಲಿ ಮಹಾಯುದ್ಧ ನಡೆದಿದ್ದ ಕಾಲ. ಹೊಸ ಊರು, ಸ್ವಂತ ದುಡಿಮೆ, ಮುಂದೆ ಮದುವೆಯ ಹಂಗಿಲ್ಲದೆ ಒಬ್ಬಳೇ ಸಾಕಿದ ಮಗ. ಇಷ್ಟೆಲ್ಲದರ ನಡುವೆ ಆ ಅಂಗಡಿ ದಶಕಗಳ ಕಾಲ ನಡೆಯಿತು. ಹಳೆಯ ಲೇಸ್ ಕೊಂಡು ಮಾರುವುದು, ಹರಿದದ್ದನ್ನು ದುರಸ್ತಿ ಮಾಡುವುದು, ಹೊಸ ನಕ್ಷೆ ಬರೆಯುವುದು, ಎಲ್ಲವೂ ಅವಳದೇ.

ಆಕೆಯ ಹಿರಿಮೆ ಇರುವುದು ಅಲ್ಲಿ. ಬರೀ ಕೊಂಡು ಮಾರುವವರಿಗೆ ಲೇಸಿನ ಮುಖ ಗೊತ್ತಿರುತ್ತದೆ. ಹೆಣೆಯಬಲ್ಲ ವ್ಯಾಪಾರಿಗೆ ಅದರ ಬೆನ್ನೂ ಗೊತ್ತು. ಎಲ್ಲಿ ದಾರ ತುಂಡಾಗಿ ಗಂಟು ಬಿತ್ತು, ಎಲ್ಲಿ ಒಬ್ಬಳ ಕೆಲಸ ಮುಗಿದು ಇನ್ನೊಬ್ಬಳ ಬಿಗಿ ಕೈ ಶುರುವಾಯಿತು ಎಂಬುದು ಹೆಣೆದು ನೋಡಿದವರ ಬೆರಳಿಗೆ ತಿಳಿಯುತ್ತದೆ. ಹೀಗೆ ಬಂದ ಅರಿವನ್ನೆಲ್ಲ ಆಕೆ 1953ರಲ್ಲಿ ಲೇಸ್ ಮತ್ತು ಲೇಸ್ ಹೆಣಿಗೆಯ ಕುರಿತ ಪುಸ್ತಕವಾಗಿ ಕೊಟ್ಟಳು. ಆಗ ಆಕೆಗೆ ಎಪ್ಪತ್ತು ದಾಟಿತ್ತು. ತೀರಿಕೊಂಡದ್ದು 1972ರಲ್ಲಿ.

ಇದೇ ದಾರಿಯ ಇನ್ನೂ ಕೆಲವರಿದ್ದಾರೆ. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನ ಕಸೂತಿ ಉದ್ಯಮಿ ಲಿಯೊಪೋಲ್ಡ್ ಇಕ್ಲೆ ಯಂತ್ರದ ಕಸೂತಿಯಿಂದ ಗಳಿಸಿದ ಹಣದಲ್ಲಿ ಕೈಯ ಲೇಸ್ ಕೊಂಡು, 1904ರಲ್ಲಿ ಊರಿನ ಸಂಗ್ರಹಾಲಯಕ್ಕೆ ಕೊಟ್ಟ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೇಥೆ ಮತ್ತು ಜೂಲ್ಸ್ ಕ್ಲಿಯೊಟ್ ದಂಪತಿ 1965ರಲ್ಲಿ ತೆರೆದ ‘ಲಾಸಿಸ್’ ಅಂಗಡಿಯೂ ಹಾಗೆಯೇ. ಕೇಥೆ ತೀರಿಕೊಂಡ ಬಳಿಕ 2004ರಲ್ಲಿ ಅದರ ಜೊತೆಗೆ ಲೇಸಿನ ವಸ್ತುಸಂಗ್ರಹಾಲಯವೇ ಎದ್ದು ನಿಂತಿತು.

ವ್ಯಾಪಾರಿಗಳು ಮಾಡಿದ ಕೇಡನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಗಿರಾಕಿಗೆ ಬೇಕಾದ ಅಳತೆಗೆ ಹಳೆಯ ಅಂಚುಗಳನ್ನು ಕತ್ತರಿಸಿದರು. ಪಾದ್ರಿಗಳ ನಿಲುವಂಗಿಯ ಲೇಸ್ ಮದುಮಗಳ ಅಂಗಿಗೆ ಹೋಯಿತು. ಬೇರೆ ಬೇರೆ ಶತಮಾನದ ತುಂಡುಗಳನ್ನು ಕೂಡಿಸಿ ಒಂದೇ ಎಂದು ಮಾರಿದವರಿದ್ದರು. ಹಳೆಯದರ ಕಳೆ ಬರಲೆಂದು ಲೇಸನ್ನು ಚಹಾ, ಕಾಫಿಯಲ್ಲಿ ಅದ್ದಿದವರೂ ಇದ್ದರು. ಹಾಗೆ ಕತ್ತರಿಸಿದ ತುಂಡುಗಳನ್ನು ಮತ್ತೆ ಜೋಡಿಸಲಾಗದು. ಆದರೂ ಎರಡನ್ನೂ ತೂಗಿ ನೋಡಿದರೆ ಉಳಿಸಿದ್ದೇ ಹೆಚ್ಚು. ಬೆಲೆ ಕಟ್ಟುವವನೊಬ್ಬ ಇಲ್ಲದಿದ್ದರೆ ಪೆಟ್ಟಿಗೆಯಲ್ಲಿದ್ದುದು ಮಸಿಬಟ್ಟೆಯಾಗುತ್ತಿತ್ತು.

ನಾಗರಕೋಯಿಲ್, ನರಸಾಪುರ

ಈ ಕಥೆ ನಮ್ಮಿಂದ ದೂರದ್ದು ಎನಿಸಬಹುದು. ಅಷ್ಟು ದೂರದ್ದಲ್ಲ. 1820ರ ಸುಮಾರಿಗೆ ತಿರುವಾಂಕೂರಿನ ನಾಗರಕೋಯಿಲ್‌ನಲ್ಲಿ ಲಂಡನ್ ಮಿಷನ್ನಿನ ಮಾರ್ಥಾ ಮಾಲ್ಟ್ ಹೆಣ್ಣುಮಕ್ಕಳ ಶಾಲೆಯಲ್ಲಿ ಲೇಸ್ ಹೆಣಿಗೆ ಕಲಿಸತೊಡಗಿದರು. ಅಲ್ಲಿ ಕಲಿಯಲು ಬಂದವರಲ್ಲಿ ಜೀತದ ಮನೆಗಳ ಹುಡುಗಿಯರಿದ್ದರು. ಲೇಸಿನ ಗಳಿಕೆಯಿಂದ ಹಣ ಕೂಡಿಟ್ಟು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡವರ ಮಾತು ಮಿಷನ್ ದಾಖಲೆಗಳಲ್ಲಿ ಬರುತ್ತದೆ. ಯುರೋಪಿನ ಯಾವ ಆಸ್ಥಾನದ ಲೇಸಿಗೂ ಇಂಥ ಬೆಲೆ ಬಂದಿರಲಾರದು. ನಾಗರಕೋಯಿಲ್‌ನ ಲೇಸನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲೂ ಇಟ್ಟಿದ್ದರು.

ಮಾರ್ಥಾ ಅವರ ಮಗಳು ಎಲೈಜಾ. ಆಕೆ 1844ರಲ್ಲಿ ಮದುವೆಯಾದದ್ದು ರಾಬರ್ಟ್ ಕಾಲ್ಡ್‌ವೆಲ್ ಅವರನ್ನು. ಕನ್ನಡದ ಭಾಷಾಶಾಸ್ತ್ರ ಓದಿದವರಿಗೆಲ್ಲ ಆ ಹೆಸರು ಗೊತ್ತು, 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದವರು. ಗಂಡ ಇಡೈಯಂಗುಡಿಯಲ್ಲಿ ಕುಳಿತು ಕನ್ನಡ, ತಮಿಳು, ತೆಲುಗುಗಳ ನಂಟು ಬಿಡಿಸುತ್ತಿದ್ದಾಗ ಹೆಂಡತಿ ಅದೇ ಊರಿನ ಹುಡುಗಿಯರಿಗೆ ಬಾಬಿನ್ ತಿರುಗಿಸುವುದನ್ನು ಕಲಿಸುತ್ತಿದ್ದರು. ವ್ಯಾಕರಣ ನಮ್ಮ ಗ್ರಂಥಾಲಯಗಳಲ್ಲಿದೆ. ಆ ಹುಡುಗಿಯರ ಹೆಸರು ಯಾವ ಗ್ರಂಥಾಲಯದಲ್ಲೂ ಹುಡುಕಿ ತೆಗೆಯುವುದು ಸುಲಭವಿಲ್ಲ.

ಗೋದಾವರಿ ಮುಖಜಭೂಮಿಯ ನರಸಾಪುರದಲ್ಲಿ ಮಿಷನರಿಗಳಿಂದಲೇ ಬಂದ ಕ್ರೋಶಾ ಲೇಸ್ ಇವತ್ತಿಗೂ ಮನೆಮನೆಯ ದುಡಿಮೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಅಲ್ಲಿನ ಹೆಂಗಸರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಸರಕು ಪರದೇಶಕ್ಕೆ ಹೋಗಿ ರಫ್ತುದಾರರು ಸಿರಿವಂತರಾದರು. ಹೆಣೆದವರನ್ನು ಮಾತ್ರ ಬಿಡುವಿನ ವೇಳೆಯಲ್ಲಿ ಕೈಯಾಡಿಸುವ ಗೃಹಿಣಿಯರೆಂದು ಕರೆದು ಪುಡಿಗಾಸು ಕೊಟ್ಟರು ಎಂಬುದು ಅವರು ಕಂಡ ಸತ್ಯ. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಸಂತೋಷ. ಊರಿಗೆ ಹೆಸರು ಬಂತು, ಹೆಣೆದವರಿಗೆ ಇನ್ನೂ ಬರಬೇಕಾಗಿದೆ.

ಹಳೆಯ ಸಂಗ್ರಾಹಕರು ಕ್ರೋಶಾವನ್ನು ಕೀಳಾಗಿ ಕಂಡರು, ಒಂದು ಕೊಕ್ಕೆಕಡ್ಡಿಯ ಬಡವರ ಕೆಲಸವೆಂದು. 1840ರ ದಶಕದ ಕ್ಷಾಮದಲ್ಲಿ ಐರ್ಲೆಂಡಿನ ಸಂಸಾರಗಳನ್ನು ಬದುಕಿಸಿದ ಕೆಲಸಗಳಲ್ಲಿ ಅದೂ ಒಂದು. ಅದೇ ಐರಿಷ್ ಕ್ರೋಶಾಕ್ಕೆ ಈಗ ಸಂಗ್ರಾಹಕರು ಮುಗಿಬೀಳುತ್ತಾರೆ. ನಮ್ಮ ಮನೆಗಳಲ್ಲಿ ಇರುವುದೂ ಬಹುಪಾಲು ಕ್ರೋಶಾವೇ. ಬಾಗಿಲ ತೋರಣ, ತಟ್ಟೆ ಮುಚ್ಚುವ ಬಟ್ಟೆ, ರೇಡಿಯೊ ಮೇಲೆ ಹಾಸುತ್ತಿದ್ದ ಹೊದಿಕೆ, ದಿಂಬಿನ ಚೀಲದ ಅಂಚು, ಕರಾವಳಿಯ ಚರ್ಚುಗಳಲ್ಲಿ ಬಲಿಪೀಠದ ವಸ್ತ್ರ. ಅಜ್ಜಿಯರು ಹೋದ ಮೇಲೆ ಇವೆಲ್ಲ ಮೂಟೆ ಕಟ್ಟಿ ಅಟ್ಟ ಸೇರುತ್ತವೆ, ಮನೆ ಬದಲಿಸುವಾಗ ಕಸಕ್ಕೆ ಹೋಗುತ್ತವೆ.

ಅಂಥ ಮೂಟೆ ನಿಮ್ಮ ಮನೆಯಲ್ಲಿದ್ದರೆ ಮೊದಲು ಅದನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಿರಿ, ಒಳಗೆ ತೇವ ಕಟ್ಟುತ್ತದೆ. ಬ್ಲೀಚ್ ಮುಟ್ಟಿಸಬೇಡಿ. ಹಳದಿಗಟ್ಟಿದ್ದರೆ ತಣ್ಣೀರಲ್ಲಿ ನೆನೆಸಿ, ಹಿಂಡದೆ, ಚಪ್ಪಟೆಯಾಗಿ ಹರಡಿ ನೆರಳಲ್ಲಿ ಒಣಗಿಸಿ. ಗಂಜಿ ಹಾಕಿ ಎತ್ತಿಡಬೇಡಿ, ಹುಳು ಬರುವುದೇ ಗಂಜಿಯ ಆಸೆಗೆ. ಮಡಿಸಿದರೆ ಮಡಿಕೆಯಲ್ಲೇ ಎಳೆ ಕಡಿಯುತ್ತದೆ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯ ತುಂಡಿನ ಜೊತೆ ಸುರುಳಿ ಸುತ್ತಿಡಿ. ಜಿಲ್ಲಾ ವಸ್ತುಸಂಗ್ರಹಾಲಯ ನಡೆಸುವವರಲ್ಲೂ ಒಂದು ಬೇಡಿಕೆ. ವೀರಗಲ್ಲು, ನಾಣ್ಯಗಳ ಜೊತೆಗೆ ಹೆಂಗಸರ ಈ ಕೈಕೆಲಸಕ್ಕೂ ಒಂದು ಕಪಾಟು ಕೊಡಿ.

ಬ್ಲ್ಯಾಕ್‌ಬೋರ್ನ್ ತಂದೆಮಗನಿಗೂ ಮೇರಿಯನ್ ಪೊವಿಸ್‌ಗೂ ಆಗದ ಒಂದು ಕೆಲಸ ನಮ್ಮಿಂದ ಆಗುತ್ತದೆ. ಅವರ ಕೈಗೆ ಲೇಸ್ ಬರುವ ಹೊತ್ತಿಗೆ ಮಾಡಿದವರು ಸತ್ತು ನೂರಿನ್ನೂರು ವರ್ಷವಾಗಿತ್ತು. ನಮ್ಮ ಕ್ರೋಶಾ ಹೆಣೆದವರಲ್ಲಿ ಎಷ್ಟೋ ಜನ ಇನ್ನೂ ನಮ್ಮ ನಡುವೆ ಇದ್ದಾರೆ. ಯಾರು ಹೆಣೆದರು, ಯಾವ ಊರಲ್ಲಿ, ಯಾರಿಂದ ಕಲಿತು, ಯಾವ ವರ್ಷ ಎಂದು ಅಮ್ಮನನ್ನೋ ಅಜ್ಜಿಯನ್ನೋ ದೊಡ್ಡತ್ತೆಯನ್ನೋ ಈ ಭಾನುವಾರವೇ ಕೂರಿಸಿಕೊಂಡು ಕೇಳಿ, ಚೀಟಿಯಲ್ಲಿ ಬರೆದು ಆ ಸುರುಳಿಯ ಜೊತೆಗಿಡಿ.